ಮಡಿ ನೀರು, ಕ್ಲೀನ್ ನೀರು

ಸ್ಯಾನ್ ಹೊಸೆಯ ಉತ್ತರದ ಅಂಚಿನಲ್ಲಿ, ಕೊಲ್ಲಿಯ ಉಪ್ಪುನೀರು ಶುರುವಾಗುವ ಕಡೆ, ಒಂದು ನೀರಿನ ಕಾರ್ಖಾನೆ ಇದೆ. 2014ರಲ್ಲಿ ಶುರುವಾದದ್ದು. ಈ ಊರಿನವರೆಲ್ಲ ತಿಂದು, ತೊಳೆದು, ಫ್ಲಶ್ ಮಾಡಿದ ನೀರು ಮೊದಲು ಪಕ್ಕದ ಕೊಳಚೆ ಸಂಸ್ಕರಣಾ ಘಟಕಕ್ಕೆ ಹೋಗುತ್ತೆ. ಅಲ್ಲಿ ತಿಳಿಯಾದ ನೀರಿನ ಒಂದು ಪಾಲನ್ನು ಇವರು ಮತ್ತೆ ತಗೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಫಿಲ್ಟರು, ಆಮೇಲೆ ರಿವರ್ಸ್ ಆಸ್ಮೋಸಿಸ್, ಕೊನೆಗೆ ಅತಿನೇರಳೆ ಕಿರಣ, ಹೀಗೆ ಮೂರು ಹಂತ ದಾಟಿಸ್ತಾರೆ. ದಿನಕ್ಕೆ 80 ಲಕ್ಷ ಗ್ಯಾಲನ್ ಸಾಮರ್ಥ್ಯ, ಅಂದರೆ ಸುಮಾರು 3 ಕೋಟಿ ಲೀಟರು. ಹೊರಬರುವ ನೀರು ಹೆಚ್ಚುಕಡಿಮೆ ಭಟ್ಟಿ ಇಳಿಸಿದ ನೀರಿನಷ್ಟೇ ಶುದ್ಧ. ಆದರೆ ಇದನ್ನು ಕಟ್ಟಿದ್ದು ಪಾರ್ಕಿನ ಹುಲ್ಲಿಗೆ, ಕಟ್ಟಡಗಳ ಕೂಲಿಂಗ್ ಟವರಿಗೆ, ಕುಡಿಯೋಕಲ್ಲ. ಇಂಥ ನೀರನ್ನು ನೇರವಾಗಿ ಕುಡಿಯುವ ಪೈಪಿಗೆ ಸೇರಿಸಬಹುದು ಅಂತ ಕ್ಯಾಲಿಫೋರ್ನಿಯಾ ನಿಯಮ ಒಪ್ಪಿಕೊಂಡದ್ದೇ 2023ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ಎಷ್ಟೋ ವರ್ಷ "ಟಾಯ್ಲೆಟ್ಟಿಂದ ನಲ್ಲಿಗೆ" ಅನ್ನೋ ಒಂದೇ ಘೋಷಣೆ ಇಟ್ಕೊಂಡು ಇಲ್ಲಿನ ಜನ ಇಂಥ ಯೋಜನೆಗಳನ್ನು ಹಿಮ್ಮೆಟ್ಟಿಸಿದ್ದುಂಟು.

ಅದೇ ಊರಿನಲ್ಲಿ ನಮ್ಮವರ ಎಷ್ಟೋ ಮನೆಗಳ ದೇವರ ಗೂಡಿನಲ್ಲಿ ಗಂಗೆಯ ಗಿಂಡಿ ಇದೆ. ಸೀಲ್ ಮಾಡಿದ ಪುಟ್ಟ ತಾಮ್ರದ ಗಿಂಡಿ. ಕಾಶಿಯಿಂದ ಯಾರೋ ತಂದದ್ದು, ಹತ್ತಿಪ್ಪತ್ತು ವರ್ಷ ಹಳೆಯದು. ಲ್ಯಾಬಿಗೆ ಕೊಟ್ಟರೆ ಏನು ರಿಪೋರ್ಟ್ ಬರುತ್ತೋ ಆ ಶಿವನಿಗೇ ಗೊತ್ತು. ಆದರೆ ಕೊನೆಗಾಲದಲ್ಲಿ ಬಾಯಿಗೆ ಬಿಡೋದು ಅದನ್ನೇ. ಒಂದು ನೀರು ಕ್ಲೀನ್, ಆದರೆ ಯಾರಿಗೂ ಬೇಡ. ಇನ್ನೊಂದು ಕ್ಲೀನೋ ಅಲ್ಲವೋ ಯಾರೂ ಕೇಳಲ್ಲ, ಆದರೆ ಪವಿತ್ರ.

ಇದನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕುವ ಮೊದಲು ಕನ್ನಡದ ಒಂದು ಪದ ನೆನಪು ಮಾಡ್ಕೊಳ್ಳಿ: ಮಡಿ. ನಮ್ಮಜ್ಜಿಯ ಮಡಿ ಸೀರೆಗೆ ಅರಿಶಿನದ ಕಲೆ ಇತ್ತು, ಬಣ್ಣ ಮಾಸಿತ್ತು, ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಮುಗ್ಗಲು ವಾಸನೆ ಬೇರೆ. ಆದರೂ ಅದು ಮಡಿ. ಇಸ್ತ್ರಿ ಮಾಡಿದ ನನ್ನ ಶರ್ಟು ಮೈಲಿಗೆ. "ಅಜ್ಜೀ, ಇದು ಈಗ ತಾನೇ ಒಗೆದದ್ದು" ಅಂದರೆ, "ಒಗೆದರೆ ಕೊಳೆ ಹೋಗತ್ತೆ ಕಣೋ, ಮೈಲಿಗೆ ಹೋಗಲ್ಲ" ಅಂತಿದ್ದಳು. ಅವಳ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಕಾಲಮ್ಮು. ನದಿಯ ಪಾವಿತ್ರ್ಯ ಇರೋದು ಈ ಮಡಿಯ ಕಾಲಮ್ಮಿನಲ್ಲಿ. ಹಾಗಾಗಿಯೇ ಸ್ನಾನದ ಹೊತ್ತಿಗೆ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ ಅಂತ ಏಳು ಹೆಸರು ಹೇಳಿದರೆ ಬಚ್ಚಲ ಹಂಡೆಯ ನೀರೂ ತೀರ್ಥವಾಗುತ್ತೆ. ಈ ಏಳರಲ್ಲಿ ಸರಸ್ವತಿ ಕಣ್ಣಿಗೇ ಕಾಣಲ್ಲ, ಸಿಂಧು ಬಹುಪಾಲು ಹರಿಯೋದು ಪಾಕಿಸ್ತಾನದಲ್ಲಿ. ಆದರೂ ಬಚ್ಚಲಿಗೆ ಕರೆದರೆ ಬರ್ತಾರೆ, ವೀಸಾ ಬೇಡ :-)

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕತೆ. ಹಳೆಯ ಶಾಸ್ತ್ರಗಳು ಈ ಎರಡು ಕಾಲಮ್ಮುಗಳನ್ನು ನಾವು ಅಂದುಕೊಂಡಷ್ಟು ದೂರ ಇಟ್ಟಿರಲಿಲ್ಲ. ಮನುಸ್ಮೃತಿಯ ಬಗ್ಗೆ ನನಗೆ ನೂರೆಂಟು ತಕರಾರುಗಳಿವೆ, ಅದು ಇನ್ನೊಂದು ದಿನಕ್ಕಿರಲಿ. ಅದರಲ್ಲಿ ಯಾವುದು ಯಾವುದರಿಂದ ಶುದ್ಧವಾಗುತ್ತೆ ಅನ್ನೋ ಒಂದು ಪಟ್ಟಿ ಇದೆ. ಅಲ್ಲಿ ನದಿಯ ಸರದಿ ಬಂದಾಗ ಮಂತ್ರದಿಂದ ಅಂತ ಹೇಳಿಲ್ಲ, ದೇವತೆಯ ಮಹಿಮೆಯಿಂದ ಅಂತಲೂ ಇಲ್ಲ. ನದಿ ಶುದ್ಧವಾಗೋದು ತನ್ನ ವೇಗದಿಂದ ಅಂತಿದೆ. ಇಂಜಿನಿಯರಿಂಗಿನಲ್ಲಿ ನನ್ನ ಸಿವಿಲ್ ಗೆಳೆಯರು ಪರಿಸರದ ಪೇಪರಿಗೆ ಓದಿದ್ದೂ ಇದನ್ನೇ: ಹರಿಯುವ ನೀರು ಗಾಳಿಯಿಂದ ಆಮ್ಲಜನಕ ಎಳ್ಕೊಳ್ಳುತ್ತೆ, ಆ ಆಮ್ಲಜನಕದಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಮುಗಿಸ್ತವೆ. ಹರಿವು ನಿಂತರೆ ಅಥವಾ ಕೊಳೆ ಮಿತಿ ಮೀರಿದರೆ ಲೆಕ್ಕ ತಪ್ಪುತ್ತೆ. ಅದೇ ಗ್ರಂಥದಲ್ಲಿ ಇನ್ನೊಂದು ಕಡೆ ನೀರಿಗೆ ಮಲ, ಮೂತ್ರ, ಉಗುಳು ಬಿಡಬಾರದು ಅಂತಲೂ ಇದೆ.

ಅರ್ಥಶಾಸ್ತ್ರ ಇನ್ನೂ ಖಡಕ್ಕು. ನಮ್ಮ ಮೈಸೂರಿನವರಿಗೆ ಈ ಪುಸ್ತಕದ ಮೇಲೆ ಸ್ವಲ್ಪ ಹಕ್ಕು ಜಾಸ್ತಿ. ಕಳೆದೇ ಹೋಯ್ತು ಅಂದುಕೊಂಡಿದ್ದ ಇದರ ತಾಳೆಗರಿ ಪ್ರತಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ್ದು 1905ರಲ್ಲಿ, ಅವರು ಅಚ್ಚು ಹಾಕಿಸಿದ್ದು 1909ರಲ್ಲಿ. ಅದರ ನಗರಾಡಳಿತದ ಭಾಗದಲ್ಲಿ ಪುಣ್ಯಸ್ಥಳ, ನೀರಿನ ಜಾಗ, ದೇವಸ್ಥಾನ, ಅರಸನ ಆಸ್ತಿ ಇಲ್ಲೆಲ್ಲ ಮಲವಿಸರ್ಜನೆ ಮಾಡಿದವರಿಗೆ ಒಂದು ಪಣದಿಂದ ಶುರುವಾಗಿ ಏರುತ್ತಾ ಹೋಗುವ ದಂಡ ಇದೆ. ಮೂತ್ರಕ್ಕೆ ಅದರ ಅರ್ಧ. ಔಷಧಿ ತಗೊಂಡೋ, ಕಾಯಿಲೆಯಿಂದಲೋ, ಹೆದರಿಕೊಂಡೋ ಆಗಿದ್ದರೆ ಮಾಫಿ! (ಹೊಟ್ಟೆ ಕೆಟ್ಟವನ ಕಷ್ಟ ಕೌಟಿಲ್ಯನಿಗೂ ಗೊತ್ತಿತ್ತು ಅನ್ನಿ.) ನದಿ ಹೇಗಿದ್ದರೂ ಪವಿತ್ರವೇ, ಏನು ಹಾಕಿದರೂ ನಡೆಯುತ್ತೆ ಅಂತ ಆ ಕಾಲದವರು ನಂಬಿದ್ದರೆ ಈ ದಂಡಕ್ಕೆ ಅರ್ಥವೇ ಇರ್ತಿರಲಿಲ್ಲ.

ಧರ್ಮಶಾಸ್ತ್ರದವರು ಇನ್ನೂ ಮುಂದೆ ಹೋಗಿ, ಮಳೆಗಾಲದ ಕರ್ಕಾಟಕ, ಸಿಂಹ ಮಾಸಗಳಲ್ಲಿ ನದಿಗಳು ರಜಸ್ವಲೆಯರು, ಸ್ನಾನ ಸಲ್ಲದು ಅಂದರು. ಸಮುದ್ರ ಸೇರುವ ದೊಡ್ಡ ನದಿಗಳಿಗೆ ವಿನಾಯಿತಿ. ಹೆಣ್ಣಿನ ಮೈಗೆ ಮೈಲಿಗೆ ಅಂಟಿಸಿದ ಈ ಹೋಲಿಕೆ ನನಗೆ ಹಿಡಿಸಲ್ಲ. ಆದರೆ ಕೆಂಪು ನೀರು ನುಗ್ಗುವ ಕಾಲದಲ್ಲಿ ನದಿಗೂ ಒಂದು "ಬೇಡ" ಇತ್ತು ಅನ್ನೋದು ಗಮನಿಸಬೇಕಾದ ವಿಷಯ.

ಮಳೆ ಕಳೆದು ನೀರು ತಿಳಿಯಾದ ಮೇಲೆ ಬರೋದೇ ತುಲಾ ಮಾಸ. ಅಕ್ಟೋಬರ್ 17ರ ಆಸುಪಾಸಿಗೆ ಕೊಡಗಿನ ತಲಕಾವೇರಿಯಲ್ಲಿ ತೀರ್ಥೋದ್ಭವ. ಬ್ರಹ್ಮಗಿರಿಯ ಮೇಲಿನ ಆ ಪುಟ್ಟ ಕುಂಡಿಕೆಯಲ್ಲಿ ನೀರು ಉಕ್ಕುವ ಗಳಿಗೆಗೆ ಸಾವಿರಾರು ಜನ ಕಾಯ್ತಾರೆ, ಆಮೇಲೆ ತಿಂಗಳಿಡೀ ತುಲಾಸ್ನಾನ. ಕಾವೇರಿಯ ಮಹಾತ್ಮೆಯ ಕತೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಜನ ಬಿಟ್ಟುಹೋದ ಪಾಪವನ್ನೆಲ್ಲ ಹೊತ್ತು ಹೊತ್ತು ಗಂಗೆಗೇ ಮೈ ಭಾರವಾಗಿ, ಅವಳು ವರ್ಷಕ್ಕೊಮ್ಮೆ ಈ ತಿಂಗಳಲ್ಲಿ ಕಾವೇರಿಗೆ ಬಂದು ಮಿಂದು ಹೋಗ್ತಾಳಂತೆ! ಅಂದರೆ ಆ ಕತೆ ಕಟ್ಟಿದವರಿಗೂ ಒಂದು ಲೆಕ್ಕ ಗೊತ್ತಿತ್ತು. ತೊಳೆದದ್ದು ಮಾಯವಾಗಲ್ಲ, ಎಲ್ಲೋ ಹೋಗಿ ಸೇರುತ್ತೆ, ತೊಳೆದವಳನ್ನೂ ಯಾರಾದರೂ ತೊಳೀಬೇಕು.

ನಂಬಿಕೆಯನ್ನು ಒಳಗಿನಿಂದಲೇ ಪ್ರಶ್ನಿಸಿದವರೂ ನಮ್ಮಲ್ಲಿ ಕಮ್ಮಿ ಇಲ್ಲ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ತೀರ್ಥಸ್ನಾನದ ಗೀಳನ್ನು ಚೆನ್ನಾಗಿಯೇ ತರಾಟೆಗೆ ತಗೊಂಡರು. ಹಾಗಂದವರ ಅಂಕಿತ ಕೂಡಲಸಂಗಮದೇವ. ಕೂಡಲಸಂಗಮ ಅಂದರೆ ಕೃಷ್ಣೆ, ಮಲಪ್ರಭೆ ಸೇರುವ ಜಾಗ. ನದಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಮುಳುಗಿ ಎದ್ದರೆ ಸಾಕು ಅನ್ನುವವರ ಮೇಲಿತ್ತು ಅಂತ ನಾನು ಓದಿಕೊಳ್ತೀನಿ. (ಇವತ್ತು ಆ ಸಂಗಮ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಐಕ್ಯ ಮಂಟಪಕ್ಕೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ.)

ಮಡಿಯ ಕಾಲಮ್ಮು ಎಷ್ಟು ಕ್ರೂರವಾಗಬಹುದು ಅನ್ನೋದಕ್ಕೆ 1927ರ ಮಹಾಡ್ ಸಾಕು. ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಂಗಡಿಗರು ಅಲ್ಲಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಕಾನೂನು ಪ್ರಕಾರ ಆಗಲೇ ಎಲ್ಲರಿಗೂ ತೆರೆದಿದ್ದ ಕೆರೆ ಅದು. ಊರಿನ ಸವರ್ಣೀಯರು ಆಮೇಲೆ 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು "ಶುದ್ಧಿ" ಮಾಡಿದರು. ಸಗಣಿ, ಗಂಜಲ ಬಿದ್ದರೆ ನೀರು ಶುದ್ಧ, ಮನುಷ್ಯರ ಕೈ ತಾಗಿದರೆ ಅಶುದ್ಧ! ಪವಿತ್ರ ನದಿಗಳ ಬಗ್ಗೆ ಯಾರಾದರೂ ಭಾವುಕರಾಗಿ ಮಾತಾಡುವಾಗ ನನಗೆ ಈ ಕೆರೆ ನೆನಪಾಗದೆ ಇರಲ್ಲ.

ಈಗ ವಿಜ್ಞಾನದ ಮಾತು. ಗಂಗೆಯ ನೀರು ಕೆಡಲ್ಲ, ಬಿಳಿಯ ವಿಜ್ಞಾನಿಗಳೇ ಒಪ್ಪಿದ್ದಾರೆ ಅನ್ನೋ ಮೆಸೇಜು ನಿಮಗೂ ಬಂದಿರಬಹುದು. ಅದರ ಹಿಂದೆ ನಿಜವಾದ ಒಂದು ಪ್ರಬಂಧ ಇದೆ. ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಅನ್ನುವವರು 1896ರಲ್ಲಿ ಪಾಸ್ತರ್ ಸಂಸ್ಥೆಯ ಪತ್ರಿಕೆಯಲ್ಲಿ, ಗಂಗೆ ಯಮುನೆಯ ನೀರಲ್ಲಿ ಕಾಲರಾದ ರೋಗಾಣು ಸಾಯುತ್ತೆ, ಆದರೆ ಆ ನೀರನ್ನು ಕುದಿಸಿದರೆ ಈ ಗುಣ ಹೋಗುತ್ತೆ ಅಂತ ಬರೆದರು. ಬ್ಯಾಕ್ಟೀರಿಯಾಗಳನ್ನೇ ತಿನ್ನುವ ವೈರಸ್ಸುಗಳಿಗೆ ಫೆಲಿಕ್ಸ್ ದೆರೆಲ್ ಬ್ಯಾಕ್ಟೀರಿಯೋಫೇಜ್ ಅಂತ ಹೆಸರಿಟ್ಟಿದ್ದು 1917ರಲ್ಲಿ. ಹ್ಯಾಂಕಿನ್ ನೋಡಿದ್ದು ಅದನ್ನೇ ಇರಬಹುದು ಅಂತ ಆಮೇಲಿನವರು ಹೇಳಿದರು, ಅಲ್ಲ ಅನ್ನುವವರೂ ಇದ್ದಾರೆ. ಮೆಸೇಜಿನಲ್ಲಿ ಬಿಟ್ಟುಹೋಗುವ ವಿಷಯ ಏನಂದರೆ ಈ ಫೇಜ್‌ಗಳು ಬ್ಯಾಕ್ಟೀರಿಯಾ ಇದ್ದಲ್ಲೆಲ್ಲ ಇರ್ತವೆ, ಮೋರಿ ನೀರಿನಲ್ಲಂತೂ ಧಾರಾಳ. ಅವುಗಳಿಗೆ ಪಾದರಸ, ಸೀಸ, ಚರ್ಮ ಹದಮಾಡಿದ ಕ್ರೋಮಿಯಂ ತಿನ್ನೋಕೆ ಬರಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡಿದ್ದು ಇಬ್ಬರು ಇಂಜಿನಿಯರುಗಳು. ವೀರಭದ್ರ ಮಿಶ್ರಾ ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೈಡ್ರಾಲಿಕ್ಸ್ ಪ್ರೊಫೆಸರ್. ಜೊತೆಗೇ ಸಂಕಟಮೋಚನ ದೇವಸ್ಥಾನದ ಮಹಂತರು. ದಿನಾ ಬೆಳಿಗ್ಗೆ ತುಳಸಿ ಘಾಟಿನಲ್ಲಿ ಗಂಗೆಗಿಳಿಯುವುದೂ ತಪ್ಪಲಿಲ್ಲ, ಆ ನೀರಿನ ಮಲದ ಬ್ಯಾಕ್ಟೀರಿಯಾ ಎಣಿಸುವುದೂ ತಪ್ಪಲಿಲ್ಲ. ಸರ್ಕಾರದ ಗಂಗಾ ಕ್ರಿಯಾಯೋಜನೆ ಶುರುವಾದದ್ದು 1986ರಲ್ಲಿ. ಅವರು ತಮ್ಮ ಪ್ರತಿಷ್ಠಾನ ಕಟ್ಟಿದ್ದು 1982ರಲ್ಲೇ. ಭಕ್ತರ ಹತ್ತಿರ ಗಂಗೆ ಮಲಿನ ಅಂದರೆ ಅವರು ಅದನ್ನು ಬೈಗುಳ ಅಂದ್ಕೊಳ್ತಾರೆ, ಅಮ್ಮನ ಮೈಮೇಲೆ ಏನು ಸುರೀತಿದ್ದಾರೆ ಬಂದು ನೋಡಿ ಅಂದರೆ ಎದ್ದು ಬರ್ತಾರೆ ಅನ್ನೋದು ಅವರ ಅನುಭವ. 2013ರಲ್ಲಿ ತೀರಿಕೊಂಡರು.

ಇನ್ನೊಬ್ಬರು ಜಿ.ಡಿ. ಅಗ್ರವಾಲ್. ನನ್ನ ಮನೆಯಿಂದ ಒಂದು ಗಂಟೆ ದಾರಿಯ ಬರ್ಕ್‌ಲಿಯಲ್ಲಿ ಪಿಎಚ್‌ಡಿ ಮಾಡಿ, ಐಐಟಿ ಕಾನ್ಪುರದಲ್ಲಿ ಪಾಠ ಹೇಳಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿಯಾಗಿದ್ದವರು. 2011ರಲ್ಲಿ ಸಂನ್ಯಾಸ ತಗೊಂಡು ಸ್ವಾಮಿ ಸಾನಂದ ಆದರು. ಅವರು ಕೇಳಿದ್ದು ಬರೀ ನಿರ್ಮಲ ಗಂಗೆಯಲ್ಲ, ಅವಿರಲ ಗಂಗೆ. ಹರಿವು ಬಿಡಿ, ಅಣೆಕಟ್ಟು ನಿಲ್ಲಿಸಿ ಅಂತ. ಮನುವಿನ ಪಟ್ಟಿಯಲ್ಲಿದ್ದ ಆ "ವೇಗ"ವನ್ನೇ! ಅವರ ಉಪವಾಸಗಳಿಂದ ಭಾಗೀರಥಿಯ ಲೋಹಾರಿನಾಗ್ ಪಾಲಾ ಯೋಜನೆ 2010ರಲ್ಲಿ ರದ್ದಾಯಿತು. 2018ರ ಜೂನ್ 22ಕ್ಕೆ ಮತ್ತೆ ಕೂತರು, 111 ದಿನ. ಅಕ್ಟೋಬರ್ 11ಕ್ಕೆ ಹೃಷೀಕೇಶದ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ವಯಸ್ಸು 86.

ಅಮ್ಮನ ಹೆಸರಿಟ್ಟ ಮಾತ್ರಕ್ಕೆ ನದಿ ಉಳಿಯಲ್ಲ ಅನ್ನೋದನ್ನು ಸ್ಯಾನ್ ಹೊಸೆಯಲ್ಲೇ ನೋಡಬಹುದು. ಊರ ನಡುವೆ ಹರಿಯುವ ಗ್ವಾಡಲೂಪೆ ನದಿಗೆ 1776ರಲ್ಲಿ ಸ್ಪೇನಿನವರು ಇಟ್ಟದ್ದು ಮಾತೆ ಮೇರಿಯ ಹೆಸರು. ಮೇಲ್ಗಡೆ ನ್ಯೂ ಆಲ್ಮಡೆನ್ ಬೆಟ್ಟದಲ್ಲಿ 1840ರ ದಶಕದಿಂದ ಪಾದರಸದ ಗಣಿ. ಚಿನ್ನ ಬೇರ್ಪಡಿಸೋಕೆ ಕ್ಯಾಲಿಫೋರ್ನಿಯಾಕ್ಕೆಲ್ಲ ಅದೇ ಪಾದರಸ ಬೇಕಿತ್ತು. ಗಣಿ ಮುಚ್ಚಿ ದಶಕಗಳಾದರೂ ಈ ನದಿಯ ಮೀನು ತಿನ್ನಬೇಡಿ ಅನ್ನೋ ಎಚ್ಚರಿಕೆ ಹೋಗಿಲ್ಲ.

ನಮ್ಮ ಕಾವೇರಿಯ ವಿಷಯಕ್ಕೆ ಬಂದರೆ ಅಗ್ರವಾಲರ ಪ್ರಶ್ನೆ ನಮಗೆ ಇರಿಸುಮುರಿಸು. ಕನ್ನಂಬಾಡಿ ಕಟ್ಟದಿದ್ದರೆ ಇವತ್ತಿನ ಮಂಡ್ಯ ಇಲ್ಲ, ವಿಶ್ವೇಶ್ವರಯ್ಯನವರ ಫೋಟೋ ಇಲ್ಲದ ಇಂಜಿನಿಯರಿಂಗ್ ಕಾಲೇಜು ನಾನು ಕಂಡಿಲ್ಲ. ಕಟ್ಟೆ ಒಡೀರಿ ಅಂತ ನಾನೂ ಹೇಳಲ್ಲ. ಆದರೆ 2007ರ ನ್ಯಾಯಮಂಡಳಿಯ ತೀರ್ಪಿನ ಲೆಕ್ಕ ನೋಡಿ. ಒಟ್ಟು 740 ಟಿಎಂಸಿ. ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7, ತಡೆಯಲಾಗದೆ ಸಮುದ್ರ ಸೇರುವುದು 4. ಪರಿಸರಕ್ಕೆ, ಅಂದರೆ ಖುದ್ದು ಕಾವೇರಿಗೆ, 10. 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಪಾಲಿನಿಂದ 14.75 ತೆಗೆದು ನಮಗೆ ಕೊಟ್ಟಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಆ 10 ಹಾಗೇ ಉಳಿಯಿತು. ಎರಡೂ ಕಡೆ ಅಮ್ಮ, ತಾಯಿ ಅಂತ ಬಸ್ಸಿಗೆ ಕಲ್ಲು ಹೊಡೆದವರಲ್ಲಿ ಒಬ್ಬರೂ ಆ 10ಕ್ಕಾಗಿ ಬೀದಿಗಿಳಿದದ್ದು ನಾನು ಕೇಳಿಲ್ಲ.

ಬೆಂಗಳೂರಿನದು ಇನ್ನೂ ಸೋಜಿಗ. 1974ರಿಂದ ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಪಂಪು ಮಾಡಿ ಕಾವೇರಿಯನ್ನು ತರ್ತೀವಿ. ಐದನೇ ಹಂತ 2024ರ ಅಕ್ಟೋಬರ್ 16ಕ್ಕೆ ಉದ್ಘಾಟನೆಯಾಯಿತು, ಮಾರನೇ ದಿನ ತಲಕಾವೇರಿಯಲ್ಲಿ ತೀರ್ಥೋದ್ಭವ. ಬಳಸಿಬಿಟ್ಟ ನೀರು ಎತ್ತ ಹೋಗುತ್ತೆ? ಊರಿನ ಪಶ್ಚಿಮ ಭಾಗದ್ದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದವಳು ಅಂತ ಹೆಸರೇ ಹೇಳುತ್ತೆ. ಮೈಸೂರು ರಸ್ತೆಯ ಗಾಳಿ ಆಂಜನೇಯ, ವ್ಯಾಸರಾಯರ ಪ್ರತಿಷ್ಠೆ ಅಂತ ಪ್ರತೀತಿ, ಅವಳ ದಡದಲ್ಲೇ ಇರೋದು. ಜೋರು ಮಳೆ ಬಂದರೆ ಈಗ ಗುಡಿಯೊಳಗೇ ಮೋರಿ ನೀರು ನುಗ್ಗುತ್ತೆ. ಅಲ್ಲಿಂದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕನಕಪುರದಾಚೆ ಸಂಗಮದಲ್ಲಿ ಮತ್ತೆ ಕಾವೇರಿ. ನಾವು ನೀರೆತ್ತುವ ಜಾಗ ಅದಕ್ಕಿಂತ ಮೇಲಿದೆ, ಹಾಗಾಗಿ ನಮ್ಮದು ನಮಗೇ ವಾಪಸು ಬರಲ್ಲ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ಶ್ರೀರಂಗ ಅಂತ್ಯರಂಗ ಅಂತಾರಲ್ಲ, ನಮ್ಮ ಕೊಡುಗೆ ಸೇರೋದು ಮಧ್ಯರಂಗ ದಾಟಿದ ಮೇಲೆ. ಮೆಟ್ಟೂರಿನ ಕಟ್ಟೆ ಕಳೆದು ಅಂತ್ಯರಂಗನ ಘಾಟಿಗೆ ಹೋಗುತ್ತೆ, ತುಲಾ ಮಾಸದಲ್ಲೂ.

ಬಸವನಗುಡಿ, ಚಾಮರಾಜಪೇಟೆ, ಕೆಂಗೇರಿ ಕಡೆಯ ಹಿರಿಯರು ನಿಮ್ಮ ಮನೆಗಳಲ್ಲಿದ್ದರೆ ಒಂದು ಮಾತು ಕೇಳಿ ನೋಡಿ: ವೃಷಭಾವತಿಯಲ್ಲಿ ಅವರು ಕೊನೆಯ ಸಲ ಸ್ನಾನ ಮಾಡಿದ್ದು ಯಾವ ವರ್ಷ? ಉತ್ತರ ಸಿಕ್ಕರೆ ನನಗೂ ಬರೀರಿ.