ಹೊನ್ನಂಚಿನ ಮರೆಯ ಚಿತ್ರಗಳು

ಪುಸ್ತಕದ ಅಲಂಕಾರವೆಂದೊಡನೆ ರಟ್ಟಿನ ಮೇಲಣ ಚಿನ್ನದ ಅಕ್ಷರಗಳೂ ಬೆನ್ನಿನ ಚರ್ಮದ ಉಬ್ಬುಗೆರೆಗಳೂ ನೆನಪಿಗೆ ಬರುವುವಲ್ಲದೆ, ಬೆನ್ನಿಗೆ ಎದುರಾಗಿ, ನೂರಾರು ಹಾಳೆಗಳ ಕತ್ತರಿಸಿದ ತುದಿಗಳು ಒತ್ತೊತ್ತಾಗಿ ಸೇರಿ ಏರ್ಪಡುವ ಬರಿಯ ಅಂಚೊಂದು ಚಿತ್ರಕಾರನ ಕುಂಚಕ್ಕೆ ಎಡೆಗೊಟ್ಟೀತೆಂಬುದು ಸುಲಭವಾಗಿ ಹೊಳೆಯುವ ಸಂಗತಿಯಲ್ಲ. ಯುರೋಪಿನಲ್ಲಿ ಅದು ಹೊಳೆದುದಕ್ಕೆ ಕಾರಣ ಅಲ್ಲಿಯ ಕಪಾಟುಗಳ ರೂಢಿ. ಹಿಂದಿನ ಗ್ರಂಥಭಂಡಾರಗಳಲ್ಲಿ ಪುಸ್ತಕಗಳನ್ನು ಬೆನ್ನು ಒಳಗಾಗಿ, ಅಂಚು ಹೊರಗಾಗಿ ಇರಿಸುತ್ತಿದ್ದುದರಿಂದ ಹೆಸರು ಬರೆಯಲು ಅಂಚೇ ಸ್ಥಳವಾಗಿತ್ತು. ಹೆಸರಿದ್ದೆಡೆಗೆ ಚಿತ್ರವೂ ಬಂದುದು ಸಹಜವೇ. ಇಟಲಿಯ ಉತ್ತರಭಾಗದ ಬೆಲ್ಲುನೊ ಪಟ್ಟಣದ ಪಿಲ್ಲೋನೆ ಮನೆತನದವರು ಹದಿನಾರನೆಯ ಶತಮಾನದ ಕೊನೆಗೆ ತಮ್ಮ ಭಂಡಾರದ ಸುಮಾರು 170 ಸಂಪುಟಗಳನ್ನು, ಮಹಾಚಿತ್ರಕಾರ ಟಿಷಿಯನ್ನನ ಜ್ಞಾತಿಯಾದ ಚೆಸಾರೆ ವೆಚೆಲ್ಲಿಯೊ ಎಂಬವನ ಕೈಗೊಪ್ಪಿಸಿ, ಗ್ರಂಥಕ್ಕೂ ಗ್ರಂಥಕರ್ತನಿಗೂ ಒಪ್ಪುವ ಆಕೃತಿಗಳನ್ನು ಅಂಚುಗಳ ಮೇಲೆ ಬರೆಯಿಸಿದರು.

ಇವು ಬಯಲಿಗಿದ್ದ ಚಿತ್ರಗಳು. ಕಪಾಟಿನ ಮುಂದೆ ನಿಂತವರಿಗೆಲ್ಲ ಕಾಣುವಂಥವು. ಕಾಣದ ಚಿತ್ರದ ಕೌಶಲವಾದರೋ ಹದಿನೇಳನೆಯ ಶತಮಾನದ ಇಂಗ್ಲೆಂಡಿನದು. ಅಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಆಸ್ಥಾನಕ್ಕೆ ಪುಸ್ತಕ ಕಟ್ಟಿಕೊಡುತ್ತಿದ್ದ ಸ್ಯಾಮ್ಯುಯೆಲ್ ಮರ್ನನ ಹೆಸರು ಈ ಕೌಶಲದೊಡನೆ ಹೆಣೆದುಕೊಂಡಿದೆ. ದೊರೆಯ ಸ್ನೇಹಿತೆಯೊಬ್ಬಳು ಆತನ ಪುಸ್ತಕಗಳನ್ನು ಒಯ್ದು ಹಿಂದಿರುಗಿಸದೆ ತನ್ನವೆಂದೇ ಸಾಧಿಸುತ್ತಿದ್ದಳೆಂದೂ, ಆಕೆಯನ್ನು ಸೋಲಿಸುವುದಕ್ಕಾಗಿ ದೊರೆಯು ಗುಟ್ಟಾಗಿ ಅಂಚಿನೊಳಗೆ ಗುರುತು ಬರೆಯಿಸಿ, ಸಮಯ ಬಂದಾಗ ಹಾಳೆಗಳನ್ನು ಓರೆಯಾಗಿಸಿ ತೋರಿಸಿದನೆಂದೂ ಒಂದು ಕಥೆಯುಂಟು. ಕಥೆಯನ್ನು ನಂಬಬೇಕಾದುದಿಲ್ಲ, ಆದರೂ ಪರರ ಕೈ ಸೇರಿದ ಮೇಲೆ ಬಾರದ ವಸ್ತುಗಳ ಪಟ್ಟಿಯಲ್ಲಿ ಪುಸ್ತಕವನ್ನೇ ಮೊದಲಿಗೆಣಿಸಿದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ದೊರೆಯ ಪಕ್ಷವನ್ನೇ ವಹಿಸುತ್ತಿದ್ದರು.

ಕೆಲಸದ ಕ್ರಮವನ್ನು ನೋಡಿದರೆ ಉಪಾಯದ ಸೂಕ್ಷ್ಮತೆ ತಿಳಿಯುವುದು. ಪುಸ್ತಕದ ಹಾಳೆಗಳನ್ನು ಒಂದೇ ಕಡೆಗೆ ಓರೆಯಾಗಿ ಜರುಗಿಸಿ, ಜರುಗಿದ ಸ್ಥಿತಿಯಲ್ಲಿಯೇ ಹಲಗೆಗಳ ನಡುವೆ ಬಿಗಿದರೆ, ಪ್ರತಿಯೊಂದು ಹಾಳೆಯೂ ತನ್ನ ಕೆಳಗಿನ ಹಾಳೆಯಿಂದ ಕೂದಲೆಳೆಯಷ್ಟು ಹೊರಚಾಚುತ್ತದೆ. ಆ ಎಳೆಗಳೆಲ್ಲ ಕೂಡಿ ಬೆರಳೆರಡರ ಅಗಲದ ಒಂದು ಪಟವಾಗುತ್ತದೆ. ಅದರ ಮೇಲೆ ಚಿತ್ರಕಾರನು ಜಲವರ್ಣದಿಂದ, ಆದರೆ ನೀರನ್ನು ಆದಷ್ಟು ಕಡಿಮೆ ಬಳಸಿ ಬರೆಯಬೇಕು. ಕುಂಚ ಸ್ವಲ್ಪ ಹಸಿಯಾದರೂ ಬಣ್ಣವು ಹಾಳೆಗಳ ಒಳಕ್ಕೆ ಹರಿದು ಅಕ್ಷರಗಳ ಬಳಿಯವರೆಗೂ ಕಲೆ ಮಾಡುವುದು. ಬಣ್ಣ ಒಣಗಿ, ಬಿಗಿ ಬಿಚ್ಚಿ, ಪುಸ್ತಕ ಚೌಕವಾಗಿ ಮುಚ್ಚಿಕೊಂಡಾಗ ಚಿತ್ರ ಮಾಯ. ಕಾಣುವುದು ಮೊಟ್ಟೆಯ ಬಿಳಿಯ ಲೋಳೆ ಸವರಿ ಅಂಟಿಸಿ, ನುಣುಪುಗಲ್ಲಿನಿಂದ ಉಜ್ಜಿದ ಚಿನ್ನದ ರೇಕಿನ ಹೊಳಪು ಮಾತ್ರ. ಇನ್ನೂ ಚತುರರಾದವರು ಹಾಳೆಗಳನ್ನು ಬಲಕ್ಕೆ ಜರುಗಿಸಿದರೆ ಒಂದು ಚಿತ್ರ, ಎಡಕ್ಕೆ ಜರುಗಿಸಿದರೆ ಬೇರೊಂದು ಚಿತ್ರ ಕಾಣುವಂತೆಯೂ ಬರೆದರು.

ಮೊದಮೊದಲು ಹೂಬಳ್ಳಿಗಳಿಗೂ ಮನೆತನದ ಲಾಂಛನಗಳಿಗೂ ಸೀಮಿತವಾಗಿದ್ದ ಈ ವಿದ್ಯೆಯೊಳಕ್ಕೆ ನದಿ, ಸೇತುವೆ, ಪಾಳುಬಿದ್ದ ಮಠ, ಜಮೀನುದಾರರ ಬಂಗಲೆಗಳನ್ನು ತಂದವರು ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ಎಡ್ವರ್ಡ್ಸ್ ಮನೆತನದವರು. ತಂದೆ ವಿಲಿಯಂ ಊರಿನಲ್ಲಿ ಹಾಕಿದ ಅಡಿಪಾಯದ ಮೇಲೆ ಮಕ್ಕಳು ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅಂಗಡಿ ತೆರೆದರು. ಅವರಲ್ಲಿ ಜೇಮ್ಸನು, ಚರ್ಮಪತ್ರವನ್ನು ಪಾರದರ್ಶಕವಾಗುವಂತೆ ಹದಗೊಳಿಸಿ, ಅದರ ಒಳಮೈಯಲ್ಲಿ ಚಿತ್ರ ಬರೆದು ರಟ್ಟಿಗೆ ಹೊದಿಸುವ ಕ್ರಮಕ್ಕೆ 1785ರಲ್ಲಿ ಸನ್ನದನ್ನೂ ಪಡೆದನು. ಒಳಗಿನ ಚಿತ್ರಕ್ಕೆ ಹೊರಗಿನ ಚರ್ಮವೇ ಕಾವಲು. ಚಿತ್ರವನ್ನು ಅಡಗಿಸಿ ಉಳಿಸುವ ಚಪಲವು ಆ ಮನೆತನದ ರಕ್ತದಲ್ಲಿಯೇ ಇದ್ದಿತೆಂದು ತೋರುತ್ತದೆ. ಅವರಲ್ಲಿಗೆ ಬರುತ್ತಿದ್ದವರು ಧನಿಕರು. ಬರುತ್ತಿದ್ದ ಪುಸ್ತಕಗಳು ಪ್ರಾರ್ಥನೆಯವು, ಕಾವ್ಯಗಳು. ಇಂಥ ಪುಸ್ತಕಗಳನ್ನು ಅವುಗಳ ಒಡೆಯರು ಎಷ್ಟು ಓದಿದರೋ ಎಂಬ ಸಂಶಯ ನನಗಿದ್ದೇ ಇದೆ. ಅತಿಥಿಗಳ ಮುಂದೆ ಹಾಳೆಗಳನ್ನು ಬಾಗಿಸಿ ಬೆರಗುಗೊಳಿಸುವುದೇ ಮುಖ್ಯವಾದಾಗ, ಪ್ರತಿಯೊಂದು ಪ್ರದರ್ಶನಕ್ಕೂ ಹೊಲಿಗೆ ಅಷ್ಟಷ್ಟು ಸಡಿಲವಾಗುವುದಲ್ಲದೆ, ಅಚ್ಚಾದ ಮಾತು ಯಾರಿಗೂ ಬೇಡವಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಾದ ಮಾತಿನ ಈ ಅನಾದರ ಬಯಲಿಗೇ ಬಂದಿತು. ಕೊಳ್ಳುವವರಿಲ್ಲದೆ ಧೂಳು ಹಿಡಿದ ಹಳೆಯ ಉಪದೇಶಸಂಗ್ರಹಗಳನ್ನೂ ಮರೆತುಹೋದ ಕವಿಗಳ ಸಂಪುಟಗಳನ್ನೂ ವ್ಯಾಪಾರಿಗಳು ಅಗ್ಗಕ್ಕೆ ತಂದು, ಅವುಗಳ ಅಂಚಿಗೆ ಹೊಸದಾಗಿ ಚಿತ್ರ ಬರೆಯಿಸಿ ಮಾರತೊಡಗಿದರು. ಮುದ್ರಣದ ವರ್ಷ ಒಂದು, ಚಿತ್ರದ ವಯಸ್ಸು ಇನ್ನೊಂದು; ಬರೆದವರ ಸಹಿಯಂತೂ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಕೃತಿಗಳಿಗೆ ಸಹಿಯನ್ನೂ ಸಂಖ್ಯೆಯನ್ನೂ ಹಾಕುತ್ತಿದ್ದ ಲಂಡನ್ನಿನ ಕುಮಾರಿ ಸಿ. ಬಿ. ಕರಿಯಂಥವರು ಅಪವಾದ. ಈ ಗೋಜಲನ್ನು ಬಿಡಿಸಲು ಕುಳಿತವರು ಅಮೆರಿಕದ ಕೋಲ್ಬಿ ಕಾಲೇಜಿನ ಪ್ರಾಧ್ಯಾಪಕ ಕಾರ್ಲ್ ವೆಬರ್. ಸಾವಿರದೊಂದು ಅಂಚುಚಿತ್ರಗಳೆಂಬ ಅರ್ಥದ ಹೆಸರಿನ ಅವರ ಗ್ರಂಥ 1949ರಲ್ಲಿ ಹೊರಬಂದಿತು. ಚಿತ್ರದಲ್ಲಿರುವ ಕಟ್ಟಡವು ಪುಸ್ತಕ ಅಚ್ಚಾದ ಮೇಲೆ ಎದ್ದುದಾದರೆ ಮೋಸ ತಾನಾಗಿ ಹೊರಬೀಳುತ್ತದೆ. ಅಂಥ ಸುಳಿವಿಲ್ಲದೆಡೆ ಪರಿಣತರೂ ತಡವರಿಸುತ್ತಾರೆ. ಆದರೆ ಮೋಸವೆಂದು ಇದನ್ನೆಲ್ಲ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರದ್ದಿಗೆ ಹೋಗಲಿದ್ದ ಎಷ್ಟೋ ಸಂಪುಟಗಳು ಅಂಚಿನ ಚಿತ್ರದ ದೆಸೆಯಿಂದಲೇ ಉಳಿದವು; ಬಾಸ್ಟನ್ನಿನ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿಯೇ ಇಂಥವು 250ಕ್ಕೂ ಹೆಚ್ಚಿವೆ.

ಈಗ ಇಂಗ್ಲೆಂಡಿನಲ್ಲಿ ಈ ಕಸುಬನ್ನೇ ಜೀವನೋಪಾಯವಾಗಿಸಿಕೊಂಡವರನ್ನು ಬೆರಳಲ್ಲಿ ಎಣಿಸಬಹುದು. ಕಡಲತೀರದ ವರ್ದಿಂಗ್ ಪಟ್ಟಣದ ಮಾರ್ಟಿನ್ ಫ್ರಾಸ್ಟ್, ಒಂದು ಕಾಲಕ್ಕೆ ರಂಗಭೂಮಿಯ ಪರದೆಗಳನ್ನು ಬರೆಯುತ್ತಿದ್ದವರು, ಆ ವಿಶಾಲವಾದ ಪರದೆಗಳಿಂದ ಈ ಎರಡು ಬೆರಳಿನ ಪಟಕ್ಕೆ ಇಳಿದು ಸಾವಿರಾರು ಅಂಚುಗಳನ್ನು ಚಿತ್ರಿಸಿದ್ದಾರೆ. ಆ ದೇಶದ ಪಾರಂಪರಿಕ ಕಸುಬುಗಳ ಸಂಘವು ಅಂಚಿನ ಚಿತ್ರಕಲೆಯನ್ನು ತೀವ್ರ ಅಪಾಯದಲ್ಲಿರುವ ಕಸುಬುಗಳ ಪಟ್ಟಿಗೆ ಸೇರಿಸಿದ ಬಳಿಕ, ಕಲಿಯಲು ಬಂದ ಹೊಸಬರಿಗೆ ಅವರು ಪಾಠವನ್ನೂ ಹೇಳತೊಡಗಿದ್ದಾರೆ.