ತೂತಿಗೆ ತೂತು ಕೂಡಿಸುವ ಕೆಲಸ

ಕಾರಿನ ಹಿಂಬದಿಯ ಸಸ್ಪೆನ್ಷನ್ನಿನಲ್ಲಿ ಬೋಲ್ಟು ಹಾಯುವ ದಾರಿ ಒಂದೇ ತುಂಡಿನಲ್ಲಿ ಕೊರೆದದ್ದಲ್ಲ. ಚಾಸಿಯ ಬ್ರಾಕೆಟ್ಟಿನ ಎರಡು ಕಿವಿಗಳಲ್ಲಿ ಒಂದೊಂದು ತೂತು, ಅವುಗಳ ನಡುವೆ ಕೂರುವ ಸ್ಪ್ರಿಂಗಿನ ಕಣ್ಣಿನಲ್ಲೋ ತೋಳಿನ ಬುಷ್‌ನಲ್ಲೋ ಮತ್ತೊಂದು. ಮೂರೂ ಒಂದೇ ಗೆರೆಗೆ ಬಂದರೆ ಬೋಲ್ಟು ಬೆರಳಿನಿಂದ ದೂಡಿದರೂ ಒಳಗೆ ಸರಿಯುತ್ತದೆ. ಕೂದಲೆಳೆಯಷ್ಟು ಜಾಗ ಬಿಟ್ಟು ಕೊರೆದ ತೂತಾದ್ದರಿಂದ, ಒಂದು ಮಿಲಿಮೀಟರ್ ತಪ್ಪಿದರೂ ಅಲ್ಲೇ ನಿಲ್ಲುತ್ತದೆ. ಕಳೆದ ಇನ್ನೂರು ವರ್ಷಗಳಲ್ಲಿ ಈ ತಪ್ಪನ್ನು ನಿವಾರಿಸುವ ಹೊಣೆ ಜೋಡಿಸುವವನ ಸುತ್ತಿಗೆಯಿಂದ ಕಾರ್ಖಾನೆಯ ಜಿಗ್‌ಗೆ ಮೆಲ್ಲನೆ ವರ್ಗವಾಯಿತು. ಹಿಂಬದಿ ಸಸ್ಪೆನ್ಷನ್ನಿನ ಮಟ್ಟಿಗೆ ಆ ವರ್ಗಾವಣೆ ಇಂದಿಗೂ ಅರ್ಧದಲ್ಲೇ ಇದೆ.

ಕಾರಿಗಿಂತ ಮೊದಲು ಸ್ಪ್ರಿಂಗು ಕುದುರೆ ಗಾಡಿಯದು. ಲಂಡನ್ನಿನ ಒಬಾಡಿಯಾ ಎಲಿಯಟ್ 1804ರ ಹೊತ್ತಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ದೀರ್ಘವೃತ್ತಾಕಾರದ ಸ್ಪ್ರಿಂಗನ್ನು ರೂಪಿಸಿ, ಅದನ್ನು ನೇರವಾಗಿ ಅಚ್ಚಿನ ಮೇಲೆ ಕೂರಿಸಿದ. ಅಂಥ ಸ್ಪ್ರಿಂಗನ್ನು ಕಮ್ಮಾರ ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುತ್ತಿದ್ದ, ತುದಿಯನ್ನು ಸುರುಳಿ ಸುತ್ತಿ ಕಣ್ಣು ಮಾಡುತ್ತಿದ್ದ, ನಡುವೆ ತೂತು ಹೊಡೆಯುತ್ತಿದ್ದ. ಗಾಡಿಗೆ ಹೊಂದುವ ಅಳತೆ ಆ ಗಾಡಿಯೇ. ಪಕ್ಕದ ಗಾಡಿಯ ಸ್ಪ್ರಿಂಗು ತಂದರೆ ಕೂರುತ್ತಿರಲಿಲ್ಲ. ಕೂರಬೇಕೆಂದು ಯಾರೂ ಬಯಸುತ್ತಲೂ ಇರಲಿಲ್ಲ.

ಆದರೆ ಹಬೆಯ ಬಾಯ್ಲರು ಮತ್ತು ಕಬ್ಬಿಣದ ಸೇತುವೆಗಳಲ್ಲಿ ತೂತುಗಳ ಸಂಖ್ಯೆ ಸಾವಿರಗಳಿಗೆ ಏರಿದಾಗ ಈ ಸಮಾಧಾನ ಉಳಿಯಲಿಲ್ಲ. ಎರಡು ತಗಡುಗಳ ರಿವೆಟ್ ತೂತುಗಳು ಕೂಡದಿದ್ದರೆ ಕೆಲಸಗಾರರು ತುದಿ ಚೂಪಾದ ಉಕ್ಕಿನ ಗೂಟವನ್ನು, ಅಂದರೆ ಡ್ರಿಫ್ಟನ್ನು, ತೂತಿಗೆ ಇಟ್ಟು ಸುತ್ತಿಗೆಯಿಂದ ಬಡಿದು ತಗಡುಗಳನ್ನು ಎಳೆದು ಸೇರಿಸುತ್ತಿದ್ದರು. ಮೆಲ್ಲಗೆ ಬಳಸಿದರೆ ಡ್ರಿಫ್ಟು ಒಳ್ಳೆಯ ಉಪಕರಣವೇ. ಬಲವಂತಕ್ಕೆ ಇಳಿದರೆ ತೂತಿನ ಅಂಚು ಹರಿದು, ಕಣ್ಣಿಗೆ ಕಾಣದ ಬಿರುಕು ಉಳಿದು, ಮುಂದೆ ಬಾಯ್ಲರು ಸಿಡಿಯಲು ಅದೇ ಕಾರಣವಾಗಬಹುದಿತ್ತು. ಹೀಗಾಗಿ ಒಳ್ಳೆಯ ಬಾಯ್ಲರು ಕಾರ್ಖಾನೆಗಳು ಕ್ರಮೇಣ ತಗಡುಗಳನ್ನು ಮೊದಲು ಬಗ್ಗಿಸಿ, ಒಟ್ಟಿಗೆ ಹಿಡಿದಿಟ್ಟು, ಆಮೇಲೆ ಎರಡಕ್ಕೂ ಒಂದೇ ಬಾರಿಗೆ ತೂತು ಕೊರೆಯುವ ಪದ್ಧತಿಗೆ ಬಂದವು. ಸೇತುವೆಯವರು ಬೇರೆ ದಾರಿ ಹಿಡಿದರು. ವೇಲ್ಸಿನ ಕಾನ್ವಿ ಸೇತುವೆಗಾಗಿ 1847ರಲ್ಲಿ ರಿಚರ್ಡ್ ರಾಬರ್ಟ್ಸ್ ರಚಿಸಿದ ತೂತು ಹೊಡೆಯುವ ಯಂತ್ರವು, ರೇಷ್ಮೆ ಮಗ್ಗದ ಜಕಾರ್ಡ್ ತತ್ತ್ವವನ್ನು ಎರವಲು ಪಡೆದು, ಯಾವ ತೂತು ಎಲ್ಲಿ ಬೀಳಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೊಡೆಯುತ್ತಿತ್ತು. ನೇಕಾರರ ಜಾಣ್ಮೆ ಕಬ್ಬಿಣದ ಸೇತುವೆಗೆ ಬಂದದ್ದು ಈ ಕಥೆಯ ಅತ್ಯಂತ ಚೆಂದದ ತಿರುವು. ಉಕ್ಕಿನ ಕಟ್ಟಡ ಕಟ್ಟುವವರ ಕೈಯಲ್ಲಿರುವ, ಒಂದು ಕೊನೆಯಲ್ಲಿ ಪಾನಾ, ಇನ್ನೊಂದು ಕೊನೆಯಲ್ಲಿ ಚೂಪು ಮೊನೆ ಇರುವ ಉಪಕರಣವೂ ಇದೇ ಕಸುಬಿನದು: ಮೊನೆಯಿಂದ ತೂತು ಕೂಡಿಸು, ಪಾನಾದಿಂದ ನಟ್ಟು ಬಿಗಿ.

ತೂತು ಸರಿಯಿದ್ದು ಬೋಲ್ಟೇ ಬೇರೆಯಾದರೆ ಪ್ರಯೋಜನವಿಲ್ಲ. ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ತಿರುಪಿನ ಎಳೆಯನ್ನು ಎಲ್ಲರೂ ಬಳಸಲಿ ಎಂದು ಮುಂದಿಟ್ಟ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿಯದನ್ನು ಸೂಚಿಸಿದ. ಬಿಡಿಭಾಗಗಳನ್ನೇ ಒಂದರ ಜಾಗದಲ್ಲಿ ಒಂದು ಇಡಬಹುದಾದಷ್ಟು ಸಮನಾಗಿ ಮಾಡುವ ಹಟ ಬಂದದ್ದು ಮಾತ್ರ ಬಂದೂಕಿನ ಕಾರ್ಖಾನೆಗಳಿಂದ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರ ಮತ್ತು ಕೋಲ್ಟ್ ಕಾರ್ಖಾನೆಗಳಲ್ಲಿ ಕೈ ಪಳಗಿದ ಹೆನ್ರಿ ಲೀಲ್ಯಾಂಡ್ ಮುಂದೆ ಕ್ಯಾಡಿಲಾಕ್ ಕಾರು ಕಟ್ಟಿದ. 1908ರಲ್ಲಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬು ಅವನ ಮೂರು ಕಾರುಗಳನ್ನು ಸಂಪೂರ್ಣ ಬಿಚ್ಚಿಸಿ, ಭಾಗಗಳನ್ನು ಬೆರೆಸಿ, ಅದರಲ್ಲಿ 89 ಭಾಗಗಳನ್ನು ಎತ್ತಿಟ್ಟು ಮಳಿಗೆಯ ದಾಸ್ತಾನಿನಿಂದ ಬದಲಿ ತರಿಸಿತು. ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಕಟ್ಟಿ, ಬ್ರೂಕ್‌ಲ್ಯಾಂಡ್ಸ್ ಓಟದ ಹಾದಿಯಲ್ಲಿ 500 ಮೈಲಿ ಓಡಿಸಿದರು. ಅರ ಹಿಡಿದು ಉಜ್ಜುವ ಫಿಟ್ಟರ್ ಇಲ್ಲದೆ ಕಾರು ಕಟ್ಟಬಹುದೆಂಬುದು ಅಂದು ಯುರೋಪಿಗೆ ಹೊಸ ಸಂಗತಿ. ಡ್ಯೂಯರ್ ಟ್ರೋಫಿ ಕ್ಯಾಡಿಲಾಕ್‌ಗೆ ಸಂದಿತು.

ಹೆನ್ರಿ ಫೋರ್ಡ್ 1913ರಲ್ಲಿ ಹೈಲ್ಯಾಂಡ್ ಪಾರ್ಕಿನಲ್ಲಿ ಚಲಿಸುವ ಜೋಡಣಾ ಸಾಲು ನಡೆಸಿದಾಗ ಬಿಡಿಭಾಗಗಳ ಈ ಸಮಾನತೆ ಅನಿವಾರ್ಯವೇ ಆಯಿತು, ಏಕೆಂದರೆ ತೂತು ಕೂಡಲಿಲ್ಲವೆಂದು ಸಾಲು ನಿಲ್ಲುವಂತಿರಲಿಲ್ಲ. ಭಾಗವನ್ನು ಗಟ್ಟಿಯಾಗಿ ಹಿಡಿದು ಡ್ರಿಲ್ಲಿಗೆ ದಾರಿ ತೋರುವ ಜಿಗ್, ಒಂದೇ ಏಟಿಗೆ ಹತ್ತಾರು ತೂತು ಕೊರೆಯುವ ಯಂತ್ರ, ಸ್ವೀಡನ್ನಿನ ಸಿ. ಇ. ಯೋಹಾನ್ಸನ್ ರೂಪಿಸಿದ ಅಳತೆಯ ಅಚ್ಚುಗಳು ಈ ಶಿಸ್ತಿನ ಆಧಾರ. ಯೋಹಾನ್ಸನ್ 1923ರಲ್ಲಿ ಫೋರ್ಡ್ ಕಂಪನಿಗೇ ಬಂದು ಸೇರಿದ.

ಇಷ್ಟಾದರೂ ಹಿಂಬದಿಯ ಸ್ಪ್ರಿಂಗು ಈ ಶಿಸ್ತಿಗೆ ಪೂರ್ತಿ ಬಗ್ಗಲಿಲ್ಲ. ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಹಿಡಿಯುವ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಪೀಠದಲ್ಲಿರುವ ತೂತಿಗೆ ಇಳಿದು ಆಕ್ಸಲಿನ ಸ್ಥಾನವನ್ನು ನಿಗದಿಮಾಡುತ್ತದೆ; ಅದನ್ನು ಬಿಗಿದು ಹಿಡಿಯುವುದು ಎರಡು ಯು ಬೋಲ್ಟುಗಳು. ಸೆಂಟರ್ ಬೋಲ್ಟು ತುಂಡಾದರೆ ಆಕ್ಸಲ್ ಸರಿದು ಕಾರು ಓರೆಯಾಗಿ ಓಡತೊಡಗುತ್ತದೆ. ಸ್ಪ್ರಿಂಗಿನ ಮುಂದಿನ ಕಣ್ಣು ಚಾಸಿಗೆ ಸ್ಥಿರ. ಹಿಂದಿನ ಕಣ್ಣನ್ನು ಮಾತ್ರ ತೂಗಾಡುವ ಶಾಕಲ್ಲಿಗೆ ಕಟ್ಟಬೇಕು, ಏಕೆಂದರೆ ಭಾರ ಬಿದ್ದು ಕಮಾನು ಚಪ್ಪಟೆಯಾದಂತೆ ಎರಡು ಕಣ್ಣುಗಳ ನಡುವಿನ ದೂರ ಹೆಚ್ಚುತ್ತದೆ. ಅಂದರೆ ಅಳತೆ ಸರಿಯಾಗಿಯೇ ಇದ್ದರೂ, ಭಾರವಿಲ್ಲದೆ ಜೋಡಿಸುವಾಗ ತೂತುಗಳು ಒಂದನ್ನೊಂದು ನೋಡುವುದಿಲ್ಲ.

1957ರಲ್ಲಿ ಬಂದ ಹಿಂದೂಸ್ತಾನ್ ಅಂಬಾಸಡರ್, ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯಿಂದ ಬಂದದ್ದು. 2014ರವರೆಗೂ ತಯಾರಾಯಿತು, ಹಿಂದೆ ಲೀಫ್ ಸ್ಪ್ರಿಂಗ್. ಫಿಯೆಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿಯದೂ ಹಾಗೆಯೇ. ಕರ್ನಾಟಕದ ಹೆದ್ದಾರಿಗಳ ಅಂಚಿನಲ್ಲಿರುವ ಸ್ಪ್ರಿಂಗ್ ಕಸುಬಿನವರು ಜಗ್ಗಿದ ಪಟ್ಟಿಗಳನ್ನು ಕಾಯಿಸಿ ಮತ್ತೆ ಕಮಾನು ಕಟ್ಟಿಕೊಡುತ್ತಾರೆ. ಕಮಾನು ಹೆಚ್ಚಾದಷ್ಟೂ ಕಣ್ಣುಗಳ ಅಂತರ ಕುಗ್ಗುತ್ತದೆ, ಶಾಕಲ್ಲಿನ ತೂತು ದೂರ ಉಳಿಯುತ್ತದೆ. ಆಗ ಜಾಕಿ ಕೊಟ್ಟು ಆಕ್ಸಲನ್ನು ಎತ್ತಿ ಕಮಾನನ್ನು ಚಪ್ಪಟೆ ಮಾಡಿ ಬೋಲ್ಟು ತೂರಿಸುವುದೊಂದೇ ದಾರಿ. ಹಾಗೆ ಮಾಡಿದರೆ ಯಾವ ತೂತನ್ನೂ ಅಗಲಿಸಬೇಕಾಗಿಲ್ಲ.

ಕಣ್ಣಿನೊಳಗೆ ಹಿತ್ತಾಳೆಯ ಬುಷ್ ಇದ್ದಾಗ ಗ್ರೀಸು ಹಚ್ಚಿದರೆ ಬೋಲ್ಟು ತಿರುಗುತ್ತಿತ್ತು. ರಬ್ಬರಿನ ಬುಷ್ ಬಂದ ಮೇಲೆ ಸದ್ದೂ ಅಲುಗಾಟವೂ ತಗ್ಗಿದವು, ಒಂದು ಹೊಸ ನಿಯಮವೂ ಬಂತು. ಉಕ್ಕಿನ ಕೊಳವೆಗೆ ಅಂಟಿಸಿದ ರಬ್ಬರು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರು ತಿರುಚಿದ ಸ್ಥಿತಿಯಲ್ಲೇ ದುಡಿಯತೊಡಗಿ ಬೇಗ ಹರಿಯುತ್ತದೆ. ಆದ್ದರಿಂದ ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿ ತೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿತ ಕೊಡಬೇಕು. ಹಳೆಯ ಮೆಕ್ಯಾನಿಕ್ಕುಗಳು ಇದನ್ನು ಅನುಭವದಿಂದ ಅರಿತಿದ್ದರು. ಇಂದಿನ ಕೈಪಿಡಿಗಳು ಅಚ್ಚು ಹಾಕಿ ಹೇಳುತ್ತವೆ, ಆದರೂ ಅವಸರದ ಕೆಲಸದಲ್ಲಿ ಮೊದಲು ತಪ್ಪುವುದು ಇದೇ.

1934ರ ಸಿಟ್ರೋಯೆನ್ ಟ್ರಾಕ್ಷನ್ ಅವಾಂತ್‌ನಂಥ ಕಾರುಗಳು ಪ್ರತ್ಯೇಕ ಚಾಸಿಯನ್ನು ಕೈಬಿಟ್ಟು, ಬೆಸುಗೆ ಹಾಕಿದ ತಗಡಿನ ಮೈಗೇ ಸಸ್ಪೆನ್ಷನ್ ಕೂರಿಸಿದಾಗ ಸಮಸ್ಯೆ ಬೇರೆ ರೂಪ ತಾಳಿತು. ತಗಡನ್ನು ಬೆಸೆಯುವ ಶಾಖಕ್ಕೆ ತೂತುಗಳು ಸ್ವಲ್ಪ ಸರಿಯುತ್ತವೆ. ಅದಕ್ಕಾಗಿ ಜೋಡಣೆಯಲ್ಲಿ ಒಂದು ಗೂಟಕ್ಕೆ ದುಂಡು ತೂತು, ಎರಡನೆಯದಕ್ಕೆ ಉದ್ದನೆಯ ಸೀಳು ಕೊಡುವ ಉಪಾಯ ಬಳಕೆಗೆ ಬಂತು: ಮೊದಲನೆಯದು ಭಾಗದ ಜಾಗವನ್ನು ನಿಗದಿಮಾಡುತ್ತದೆ, ಎರಡನೆಯದು ದಿಕ್ಕನ್ನು ಮಾತ್ರ ಹಿಡಿದು ಅಳತೆಯ ವ್ಯತ್ಯಾಸವನ್ನು ನುಂಗುತ್ತದೆ. 1982ರ ಮರ್ಸಿಡಿಸ್ 190ರ ಹಿಂಬದಿಯಲ್ಲಿ ಪ್ರತಿ ಚಕ್ರಕ್ಕೆ ಐದು ತೋಳುಗಳು. ಹಲವು ತೋಳುಗಳ ಇಂಥ ವ್ಯವಸ್ಥೆಗಳಲ್ಲಿ ಕೆಲವು ತೂತುಗಳನ್ನು ಬೇಕೆಂದೇ ಸೀಳಾಗಿ ಬಿಟ್ಟು, ಕೇಂದ್ರ ತಪ್ಪಿಸಿದ ಬೋಲ್ಟು ತಿರುಗಿಸಿ ಚಕ್ರದ ಕೋನವನ್ನು ಹೊಂದಿಸುತ್ತಾರೆ. ಹಿಂದೆ ದೋಷವೆನಿಸಿದ್ದ ಸಡಿಲ ಇಲ್ಲಿ ಉಪಯುಕ್ತವಾಯಿತು.

ಹೊಸ ತೋಳು ಅಥವಾ ಸ್ಪ್ರಿಂಗು ಕೂರಿಸುವಾಗ ಇಂದಿಗೂ ಉಪಾಯಗಳು ಹಳೆಯವೇ. ಜಾಕಿಯಿಂದ ಎತ್ತರ ಹೊಂದಿಸುವುದು, ಪಟ್ಟಿ ಕಟ್ಟಿ ಆಕ್ಸಲನ್ನು ಹಿಂದೆ ಮುಂದೆ ಎಳೆಯುವುದು, ಸನ್ನೆಗೋಲಿನಿಂದ ಬುಷ್ಷನ್ನು ಮೆಲ್ಲಗೆ ತಳ್ಳುವುದು, ಚೂಪು ಡ್ರಿಫ್ಟನ್ನು ಒಂದು ಕಡೆಯಿಂದ ತೂರಿಸಿ ಅದರ ಬೆನ್ನ ಹಿಂದೆಯೇ ಬೋಲ್ಟನ್ನು ನುಗ್ಗಿಸುವುದು. ತೂತಿನಲ್ಲಿ ಬೆರಳಿಟ್ಟು ನೋಡುವುದು ನಿಷಿದ್ಧ: ಆಕ್ಸಲ್ ಜಾರಿದರೆ ಎರಡು ಕಿವಿಗಳು ಕತ್ತರಿಯಂತೆ ಬೆರಳನ್ನು ಕತ್ತರಿಸುತ್ತವೆ. ಸೀಳು ತೂತಿರುವ ಕಡೆ ಬಿಚ್ಚುವ ಮೊದಲೇ ಬೋಲ್ಟಿನ ತಲೆಯ ಸ್ಥಾನಕ್ಕೆ ಗುರುತು ಹಾಕಿಕೊಂಡರೆ ಕೂರಿಸುವಾಗ ಚಕ್ರದ ಕೋನ ಹಳೆಯ ಅಂದಾಜಿಗೆ ಮರಳುತ್ತದೆ. ನಿಖರತೆಗೆ ಅಲೈನ್‌ಮೆಂಟ್ ಯಂತ್ರದ ಪರೀಕ್ಷೆ ಬೇಕೇ ಬೇಕು.