ಅಪೊಥೆಕರಿ

ಮೂಲ ಗ್ರೀಕಿನ 'ಅಪೊಥೀಕೆ'. ಅರ್ಥ ಉಗ್ರಾಣ, ಅಷ್ಟೇ. ಮದ್ದಿನ ಸೋಂಕೂ ಅದರಲ್ಲಿಲ್ಲ. ಲ್ಯಾಟಿನ್ನಿನಲ್ಲಿ ಉಗ್ರಾಣ ನೋಡಿಕೊಳ್ಳುವವನು 'ಅಪೊಥೆಕೇರಿಯಸ್' ಆದ, ಇಂಗ್ಲಿಷಿಗೆ ಬರುವ ಹೊತ್ತಿಗೆ ಔಷಧಿ ಅರೆದು ಮಾರುವವನಾದ. ಜರ್ಮನಿಯಲ್ಲಿ ಇಂದಿಗೂ ಔಷಧಿ ಅಂಗಡಿಗೆ 'ಅಪೊಟೇಕೆ' ಎಂದೇ ಹೆಸರು. ಫ್ರೆಂಚರ 'ಬೂಟೀಕ್' ಕೂಡ ಇದೇ ಬೇರಿನದು. ಬೆಂಗಳೂರಿನಲ್ಲಿ ಬೂಟೀಕಿಗೆ ರವಿಕೆ ಹೊಲಿಯಲು ಕೊಟ್ಟವರು ಗಮನಿಸಬೇಕು!

ಈ ಪದವನ್ನು ಹೆಸರಿನಲ್ಲೇ ಹೊತ್ತ ಕಟ್ಟಡ ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿದೆ: ಅಪೊಥೆಕರೀಸ್ ಹಾಲ್. ನಮ್ಮ ಗ್ರಂಥಿಗೆ ಅಂಗಡಿಯವರಂತೆ ಅಲ್ಲಿಯೂ ಮೆಣಸು, ಮದ್ದು ಒಟ್ಟಿಗೇ ಮಾರಾಟವಾಗುತ್ತಿದ್ದುದರಿಂದ ಅಪೊಥೆಕರಿಗಳು ದಿನಸಿ ವರ್ತಕರ ಸಂಘದಲ್ಲೇ ಇದ್ದರು. 1617ರಲ್ಲಿ ದೊರೆ ಒಂದನೇ ಜೇಮ್ಸನ ಸನ್ನದು ಪಡೆದು, ತಮ್ಮದೇ ಸಂಘ ಕಟ್ಟಿಕೊಂಡು ಬೇರೆಯಾದರು. 1632ರಲ್ಲಿ ಕೊಂಡ ಕಟ್ಟಡ 1666ರ ಮಹಾ ಬೆಂಕಿಗೆ ಸಿಕ್ಕಿತು. ಈಗಿನದು ಆಮೇಲೆ ಕಟ್ಟಿದ್ದು. ಸಂಘದ ಲಾಂಛನದ ಮೇಲೆ ಘೇಂಡಾಮೃಗ ನಿಂತಿದೆ. ಅದರ ಕೊಂಬಿನ ಪುಡಿ ಔಷಧಿಯೆಂದು ಆಗ ನಂಬಿದ್ದರು.

ಪದದ ಅರ್ಥ ಮತ್ತೊಮ್ಮೆ ಹಿಗ್ಗಿದ್ದು 1704ರಲ್ಲಿ. ಅಪೊಥೆಕರಿ ವಿಲಿಯಂ ರೋಸ್‌ನ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ತೀರ್ಪಿನಿಂದ ಮದ್ದು ಮಾರುವವನಿಗೆ ರೋಗಿಯನ್ನು ನೋಡಿ ಔಷಧಿ ಬರೆದುಕೊಡುವ ಹಕ್ಕೂ ಸಿಕ್ಕಿತು. ಕವಿ ಜಾನ್ ಕೀಟ್ಸ್ 1816ರಲ್ಲಿ ಅಪೊಥೆಕರಿಗಳ ಸಂಘದಿಂದಲೇ ಪರವಾನಗಿ ಪಡೆದ. 1865ರಲ್ಲಿ ಎಲಿಜಬೆತ್ ಗ್ಯಾರೆಟ್ ಎಂಬಾಕೆ ಪಡೆದಾಗ ಮಾತ್ರ ಸಂಘ ನಿಯಮ ತಿದ್ದಿ, ಇತರ ಹೆಂಗಸರಿಗೆ ಬಾಗಿಲು ಹಾಕಿತು. ಶುದ್ಧ ಸಣ್ಣತನ.

ಹಾಲ್ ನೋಡಲು ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ: ಇದು ವಸ್ತುಸಂಗ್ರಹಾಲಯವಲ್ಲ, ಸಂಘ ಇನ್ನೂ ಅಲ್ಲೇ ಕೆಲಸ ಮಾಡುತ್ತಿದೆ.